ಹಳೆಯ ಟ್ರೇಲರ್ ಕೊಳ್ಳುವ ಮುನ್ನ ಟೈರಿನ ಒಳಮಗ್ಗುಲು ನೋಡಿ

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಂಪಿಂಗ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ) ಕೊಳ್ಳಬೇಕೆಂದಿರುವ ಕನ್ನಡದವರು ದಯವಿಟ್ಟು ಇದನ್ನು ಓದಿ. ನಮಗಾದದ್ದು ನಿಮಗಾಗುವುದು ಬೇಡ.

2023ರ ಮೇ ತಿಂಗಳಲ್ಲಿ ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದಿದ್ದರು. ಅಮ್ಮನಿಗೆ ಹೋಟೆಲ್ ಊಟ ಒಗ್ಗುವುದಿಲ್ಲ. ಒಲೆ, ಫ್ರಿಜ್, ಹಾಸಿಗೆ ಎಲ್ಲ ಇರುವ ಟ್ರೇಲರ್ ಆದರೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಿಕೊಂಡು ಬರಬಹುದು ಅಂತ ಅರಿಜೋನಾದ ಫೀನಿಕ್ಸ್‌ನಲ್ಲೇ ಒಬ್ಬರಿಂದ ಹಳೆಯದೊಂದನ್ನು ಕೊಂಡೆ. ಎರಡು ಆಕ್ಸಲ್, ನಾಲ್ಕು ಚಕ್ರ. ಟೈರಿನ ಬಟನ್ (ರಸ್ತೆಗೆ ತಾಗುವ ಮೇಲ್ಮೈಯ ಉಬ್ಬುಗಳು) ಒಂಚೂರೂ ಸವೆದಿರಲಿಲ್ಲ, ಪಾಲಿಶ್ ಹಚ್ಚಿದ ಟೈರುಗಳು ಕಪ್ಪಗೆ ಹೊಳೆಯುತ್ತಿದ್ದವು. ‘ಟೈರ್ ಹೊಸದರ ಹಾಗೇ ಇದೆ’ ಎಂದರು ಮಾರಿದವರು. ನಂಬಿದೆ.

ಐ-17 ಹೆದ್ದಾರಿಯಲ್ಲಿ ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಮೇಲೆ ಒಂದೇ ಸಮ ಏರು. ಫೀನಿಕ್ಸ್ ಸುಮಾರು 1,100 ಅಡಿ ಎತ್ತರದಲ್ಲಿದ್ದರೆ ದಾರಿಯಲ್ಲಿ ಸಿಗುವ ಫ್ಲ್ಯಾಗ್‌ಸ್ಟಾಫ್ ಹತ್ತಿರ ಹತ್ತಿರ 7,000 ಅಡಿ. ಆ ಏರಿನಲ್ಲಿ ಪಕ್ಕದ ಟ್ರಕ್ಕಿನವನು ಒಂದೇ ಸಮನೆ ಹಾರ್ನ್ ಹೊಡೆದು ಹಿಂದಕ್ಕೆ ಕೈ ತೋರಿಸಿದ. ನಮಗೆ ಕಾರಿನೊಳಗೆ ಏನೂ ಗೊತ್ತಾಗಿರಲಿಲ್ಲ. ಎರಡು ಆಕ್ಸಲ್ ಇದ್ದಾಗ ಒಂದು ಟೈರ್ ಹೋದರೂ ಪಕ್ಕದ್ದು ಭಾರ ಹೊತ್ತು ಓಡುತ್ತಿರುತ್ತದೆ.

ಇಳಿದು ನೋಡಿದರೆ ಟೈರಿನ ಮೇಲ್ಪದರ ಪೂರ್ತಿ ಕಿತ್ತು ಬಂದು, ತಿರುಗುತ್ತಾ ತಿರುಗುತ್ತಾ ಚಾಟಿಯ ಹಾಗೆ ಹೊಡೆದು ಟ್ರೇಲರಿನ ತಳವನ್ನೇ ಹರಿದಿತ್ತು. ಸಿಂಕಿನ ಕೆಳಗಿನ ಕಪಾಟಿನೊಳಗಿಂದ ರಸ್ತೆ ಕಾಣುತ್ತಿತ್ತು. ಅಮ್ಮ ಜೋಡಿಸಿಟ್ಟಿದ್ದ ಪುಳಿಯೋಗರೆ ಗೊಜ್ಜಿನ ಬಾಟಲಿ ಒಡೆದು, ಎಣ್ಣೆ ಹಲಗೆಯ ಸಿಬಿರುಗಳ ಮೇಲೆ ಇಳಿಯುತ್ತಿತ್ತು. ಅಲ್ಲಿಂದ ಎರಡು ಬೆರಳು ಆಚೆಗೆ ಗ್ಯಾಸಿನ ಪೈಪು ನೆಗ್ಗಿತ್ತು. ಹೊರಡುವ ಮೊದಲು ಸಿಲಿಂಡರ್ ಮುಚ್ಚಿದ್ದೆ, ಅದೇ ಪುಣ್ಯ. ಗ್ಯಾಸಿನಲ್ಲಿ ನಡೆಯುವ ಫ್ರಿಜ್ ತಣ್ಣಗಿರಲಿ ಅಂತ ಗ್ಯಾಸ್ ತೆರೆದಿಟ್ಟೇ ಓಡಿಸುವವರು ಬಹಳ ಜನ ಇದ್ದಾರೆ. ಬೇಡ, ಖಂಡಿತ ಬೇಡ.

ಕಾರಿನ ಜಾಕಿಗೆ ಟ್ರೇಲರ್ ಎತ್ತಲಾಗಲಿಲ್ಲ, ಸ್ಪ್ಯಾನರ್ ನಟ್ಟಿಗೆ ಕೂರಲಿಲ್ಲ. ಎರಡು ಗಂಟೆ ಬಿಸಿಲಲ್ಲಿ ಕಾದೆವು. ಬಿಪಿ ಇರುವ ಅಪ್ಪ ಮಾತಿಲ್ಲದೆ ಕೂತಿದ್ದು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೊನೆಗೆ ಬಂದ ಮೆಕ್ಯಾನಿಕ್ ಟ್ರೇಲರಿನಡಿ ತೂರಿ ಟಾರ್ಚ್ ಬಿಟ್ಟು, ಪಕ್ಕದ ಟೈರಿನ ಒಳಮಗ್ಗುಲು ತೋರಿಸಿದ. ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ 2314. ಅಂದರೆ 2014ರ 23ನೇ ವಾರ ತಯಾರಾದದ್ದು. ನಾಲ್ಕಂಕಿಯ ಆ ತಾರೀಖು ಟೈರಿನ ಒಂದೇ ಬದಿಯಲ್ಲಿರಬಹುದು. ನಮ್ಮದರಲ್ಲಿ ಇದ್ದದ್ದು ಒಳಗಡೆ, ಹೊರಗೆ ನಿಂತು ನೋಡಿದವರಿಗೆ ಕಾಣುವಂತಿರಲಿಲ್ಲ. ಮಿಕ್ಕ ಮೂರರ ಮೇಲೂ ಅದೇ ಅಂಕಿ. ಸ್ಟೆಪ್ನಿಯೂ ಅದೇ ವಯಸ್ಸಿನದು.

ಕಾರಿನ ಟೈರ್ ಸಾಮಾನ್ಯವಾಗಿ ಓಡಿ ಸವೆಯುತ್ತದೆ, ಟ್ರೇಲರಿನದು ನಿಂತಲ್ಲೇ ಮುದಿಯಾಗುತ್ತದೆ. ರಬ್ಬರ್ ಬಿರಿಯದಂತೆ ಬೆರೆಸಿದ ಮೇಣದಂಥ ಪದಾರ್ಥ ಟೈರ್ ಉರುಳಿ ಬಳುಕಿದಾಗ ಮೇಲಕ್ಕೆ ಬಂದು ಕಾಯುತ್ತದೆ. ನಿಂತೇ ಇದ್ದರೆ ಆ ಕಾವಲು ಸರಿಯಾಗಿ ಸಿಗುವುದಿಲ್ಲ. ಮೇಲಿಂದ ಅರಿಜೋನಾದ ಬಿಸಿಲು. ಬಟನ್ ನೋಡಿ ನಂಬಿದ್ದೇ ನನ್ನ ದೊಡ್ಡ ತಪ್ಪು.

ಈಗ ಐದಾರು ವರ್ಷಕ್ಕೆ ಟೈರ್ ಬದಲಾಯಿಸಲೇಬೇಕೆಂದು ಇಟ್ಟುಕೊಂಡಿದ್ದೇನೆ. ಎಸ್‌ಟಿ ಎಂದು ಬರೆದಿರುವ ಟ್ರೇಲರ್ ಟೈರೇ ಆಗಬೇಕು. ಗಾಳಿಯನ್ನು ಬೆಳಗ್ಗೆ ಟೈರ್ ತಣ್ಣಗಿರುವಾಗಲೇ ನೋಡುತ್ತೇನೆ, 65 ಮೈಲಿ ವೇಗ ದಾಟುವುದಿಲ್ಲ. ವರ್ಷಕ್ಕೊಮ್ಮೆ ಬೇರಿಂಗ್‌ಗೆ ಹೊಸ ಗ್ರೀಸ್. ಚಕ್ರ ಬಿಚ್ಚಿ ಹಾಕಿದರೆ 50 ಮೈಲಿ ಓಡಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿಮಾಡುತ್ತೇನೆ.

ಈಗಾಗಲೇ ಕೊಂಡಿದ್ದೀರಾ? ಈ ಶನಿವಾರವೇ ಚಕ್ರದ ಹಿಂದೆ ಮುಂದೆ ಅಡ್ಡ ಕಟ್ಟಿಗೆ ಕೊಟ್ಟು, ಟಾರ್ಚ್ ಹಿಡಿದು ಟೈರುಗಳ ಒಳಮಗ್ಗುಲು ನೋಡಿ. ಸ್ಟೆಪ್ನಿಯದ್ದನ್ನೂ ನೋಡಿ.