ಹಳೆಯ ಕಾರಿನ ಕೀರಲು ಸದ್ದು: ಬೆಲ್ಟ್ ಬದಲಿಸಬೇಕೋ, ಬೇರಿಂಗ್ ಬದಲಿಸಬೇಕೋ?

ತೀರ್ಥಹಳ್ಳಿ, ಆಗುಂಬೆಯ ಕಡೆ ಮಳೆಗಾಲದ ಬೆಳಗ್ಗೆ ಹಳೆಯ ಕಾರನ್ನು ಸ್ಟಾರ್ಟ್ ಮಾಡಿದೊಡನೆ ಬಾನೆಟ್ಟಿನೊಳಗಿಂದ ಕೀಂಯ್ ಎಂಬ ಸದ್ದು ಹೊರಟು, ಕೆಲವು ನಿಮಿಷಗಳಲ್ಲಿ ತಾನಾಗಿಯೇ ಅಡಗಿದರೆ, ಅದು ಬಹುಮಟ್ಟಿಗೆ ತೇವಗೊಂಡ ಇಲ್ಲವೇ ಸಡಿಲವಾದ ಬೆಲ್ಟ್ (ಎಂಜಿನ್ನಿನ ತಿರುಗುವಿಕೆಯನ್ನು ಇತರ ಭಾಗಗಳಿಗೆ ಒಯ್ಯುವ ರಬ್ಬರ್ ಪಟ್ಟಿ) ತಾನು ಸುತ್ತುವ ಗಾಲಿಯ, ಎಂದರೆ ಪುಲ್ಲಿಯ ಮೇಲೆ ಜಾರುವ ಸದ್ದು. ಹೆಡ್‌ಲೈಟ್ ಹಾಕಿದಾಗ ಆ ಬೆಲ್ಟಿನಿಂದ ತಿರುಗಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನ ಹೊರೆ ಹೆಚ್ಚುವುದರಿಂದ ಅದು ಇನ್ನಷ್ಟು ಜೋರಾಗುತ್ತದೆ. ಪುಲ್ಲಿಯನ್ನು ಸರಾಗವಾಗಿ ತಿರುಗಿಸುವ ಬೇರಿಂಗ್ ಸವೆದಿದ್ದರೆ ಹಾಗಲ್ಲ. ಮಳೆಯಿರಲಿ, ಬಿಸಿಲಿರಲಿ, ಎಂಜಿನ್ ಬಿಸಿಯಾದ ಮೇಲೂ ಸದ್ದು ಉಳಿದು, ಎಂಜಿನ್ನಿನ ವೇಗದೊಂದಿಗೆ ಏರುತ್ತಾ, ದಿನಕಳೆದಂತೆ ಗೊರಗೊರ ಎನ್ನತೊಡಗುತ್ತದೆ.

ಅನುಮಾನ ಉಳಿದರೆ, ಲುಂಗಿ, ಶಾಲುಗಳನ್ನು ದೂರವಿಟ್ಟು, ಓಡುತ್ತಿರುವ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿ ನೋಡಬಹುದು. ಸದ್ದು ಹೆಚ್ಚಿದರೆ ಬಿಗಿ ಸಾಲದು. ಕ್ಷಣಕಾಲ ನಿಂತರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲದಿರಬಹುದು. ಏನೂ ಬದಲಾಗದಿದ್ದರೆ ಎಂಜಿನ್ ನಿಲ್ಲಿಸಿ, ಬೆಲ್ಟ್ ಕಳಚಿ, ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ಒರಟುತನವಿದೆಯೇ ಎಂದು ಪರೀಕ್ಷಿಸಬೇಕು.

ಬೆಲ್ಟ್ ಅಗ್ಗ, ಕೆಲಸವೂ ಚಿಕ್ಕದು. ಬೇರಿಂಗಿಗೆ ಹಣ, ಸಮಯ ಎರಡೂ ಹೆಚ್ಚು ಬೇಕು. ಆದರೂ ಪುಲ್ಲಿ ಒರಟಾಗಿದ್ದಾಗ ಹೊಸ ಬೆಲ್ಟ್ ಮಾತ್ರ ಹಾಕಿಸುವುದನ್ನು ನಾನು ಒಪ್ಪಲಾರೆ, ಏಕೆಂದರೆ ಬೇರಿಂಗ್ ಬಿಗಿದುಕೊಂಡರೆ ಆ ಬೆಲ್ಟೂ ಹರಿಯುತ್ತದೆ. ಮಾರುತಿ 800ರಂತಹ ಕಾರುಗಳಲ್ಲಿ ಅದೇ ಬೆಲ್ಟ್ ಎಂಜಿನ್ ತಣಿಸುವ ನೀರನ್ನು ಹರಿಸುವ ವಾಟರ್ ಪಂಪನ್ನೂ ತಿರುಗಿಸುವುದರಿಂದ, ಘಾಟಿಯ ಏರಿನಲ್ಲಿ ಅದು ಹರಿದರೆ ಎಂಜಿನ್ ಬೇಗನೆ ಅತಿಯಾಗಿ ಕಾಯುತ್ತದೆ. ಬೆಲ್ಟಿಗೆ ಸ್ಪ್ರೇ ಹೊಡೆದು ಸದ್ದಡಗಿಸುವ ಮೂರನೆಯ ದಾರಿಯೊಂದಿದೆ. ಅದು ದೋಷವನ್ನು ಮುಚ್ಚುತ್ತದೆಯೇ ಹೊರತು ಸರಿಪಡಿಸುವುದಿಲ್ಲ.