ಕಾಪುವಿನ ಕಡಲನೀರು, ಚೀಲದ ಉಪ್ಪು: ಅಕ್ಕಪಕ್ಕದ ಎರಡು ತೊಟ್ಟಿಗಳಲ್ಲಿ ಒಂದು ವರ್ಷ

ಬೆಂಗಳೂರಿನ ನಮ್ಮ ಮನೆಯಲ್ಲಿ ತಲಾ 60 ಲೀಟರಿನ ಎರಡು ಗಾಜಿನ ತೊಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದಕ್ಕೆ ಕಾಪುವಿನಿಂದ ತಂದ ಕಡಲನೀರನ್ನೂ ಇನ್ನೊಂದಕ್ಕೆ ಚೀಲದಲ್ಲಿ ಬರುವ ಅಕ್ವೇರಿಯಂ ಉಪ್ಪು (ಕಡಲನೀರಿನ ಲವಣಗಳ ಮಿಶ್ರಣ) ಕರಗಿಸಿದ ಆರ್‌ಒ ನೀರನ್ನೂ ತುಂಬಿ, ಮಾರ್ಚ್‌ನಿಂದ ಒಂದು ವರ್ಷ ಎರಡನ್ನೂ ಒಂದೇ ಬಗೆಯಲ್ಲಿ ನೋಡಿಕೊಂಡೆ. ಮೀನಿಗೆ ವಿಷವಾದ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಇಳಿಯಲು ಆರು ವಾರ ಕಾದು, ಎರಡಕ್ಕೂ ಒಂದೊಂದು ಜೊತೆ ಕ್ಲೌನ್ ಮೀನು, ಪಾಚಿ ಮೇಯುವ ನಾಲ್ಕು ಬಸವನಹುಳು, ಒಂದಿಷ್ಟು ಝೋಆಂಥಸ್, ಮಶ್ರೂಮ್ ಮತ್ತು ಝೀನಿಯಾ (ಮೂರನ್ನೂ ಅಕ್ವೇರಿಯಂನವರು ಮೆತ್ತನೆಯ ಹವಳ ಎನ್ನುತ್ತಾರೆ) ಬಿಟ್ಟೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅವುಗಳ ಗೊಡವೆಗೆ ಹೋಗಲಿಲ್ಲ. ಬಂಡೆಗಳೂ ಸಮುದ್ರದವಲ್ಲ, ಸೆರಾಮಿಕ್‌ನವು.

ಅಂಕಿಗಳನ್ನಷ್ಟೇ ನೋಡಿದರೆ ಮಾರ್ಚ್‌ನ ಕಡಲನೀರಿಗೆ ಎದುರಿಲ್ಲ. ದೀಪಸ್ತಂಭದ ಬಂಡೆಗಳ ಬಳಿ ತುಂಬಿದ ಆ ನೀರಿನ ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಕ್ಷಾರತೆ, ಅಂದರೆ ಕಾರ್ಬೊನೇಟ್‌ಗಳ ಅಳತೆ, 7 ಡಿಕೆಎಚ್, ಕ್ಯಾಲ್ಸಿಯಂ 410 ಪಿಪಿಎಂ ಇತ್ತು. ನಾನು ಕೊಂಡ ಉಪ್ಪಿನಲ್ಲಿ ಕ್ಷಾರತೆ 11ರವರೆಗೆ ಏರುತ್ತಿತ್ತು. ಅದು ಬೇಗ ಬೆಳೆಯುವ ಗಟ್ಟಿ ಹವಳಗಳನ್ನು ನೆನಸಿಕೊಂಡು ಮಾಡಿದ ಮಿಶ್ರಣ. ನಮ್ಮ ಮೆತ್ತನೆಯ ಹವಳಗಳಿಗೆ ಅಷ್ಟು ಬೇಕಿರಲಿಲ್ಲ. ಆದರೆ ವಾರಕ್ಕೆ 6 ಲೀಟರ್ ಮಾತ್ರ ಬದಲಿಸುವುದರಿಂದ ಒಮ್ಮೆಗೆ ಆಗುವ ಏರಿಳಿತ ಅರ್ಧ ಡಿಕೆಎಚ್ ಕೂಡ ಅಲ್ಲವಾಗಿ, ಝೀನಿಯಾ ಎರಡು ತೊಟ್ಟಿಗಳಲ್ಲೂ ಮುಷ್ಟಿ ಬಿಚ್ಚಿ ಮುಚ್ಚುವುದನ್ನು ನಿಲ್ಲಿಸಲಿಲ್ಲ.

ತೊಡಕು ಶುರುವಾದದ್ದು ಮಳೆಗಾಲದಲ್ಲಿ. ಜೂನ್‌ನಲ್ಲಿ ಭಾವನವರು ಅದೇ ಬಂಡೆಗಳ ಬಳಿ ತುಂಬಿ ಕಳುಹಿಸಿದ ಕ್ಯಾನುಗಳಲ್ಲಿ ಲವಣಾಂಶ 27ಕ್ಕೆ ಇಳಿದಿತ್ತು, ತಳದಲ್ಲಿ ಬೆರಳಿನಷ್ಟು ಕೆಂಪು ಗಸಿ ನಿಂತಿತ್ತು. ಹೊಳೆಗಳೆಲ್ಲ ಕೆಸರಿನೊಂದಿಗೆ ಸಿಹಿನೀರನ್ನು ತಂದು ಸುರಿಯುವ ಆ ದಿನಗಳಲ್ಲಿ ದಡದ ನೀರು ಹೆಸರಿಗಷ್ಟೇ ಕಡಲನೀರು; ದೂರದಿಂದ ತರಿಸೋಣವೆಂದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕೊನೆಗೆ ಲೀಟರಿಗೆ ಎಂಟು ಗ್ರಾಂನಂತೆ ಚೀಲದ ಉಪ್ಪನ್ನೇ ಸೇರಿಸಿ ಸರಿದೂಗಿಸಿದೆ. ಮಳೆ ಮುಗಿದ ಮೇಲೂ ಕೆಲವೊಮ್ಮೆ ನಾಕ್ಟಿಲೂಕಾ ಎಂಬ ಮಿನುಗುವ ಸೂಕ್ಷ್ಮಜೀವಿ ಹೆಚ್ಚಿ ಅಲೆಗಳು ರಾತ್ರಿ ನೀಲಿಯಾಗಿ ಮಿನುಗುತ್ತವೆ. ನೋಡಲು ಸೊಗಸು, ಆದರೆ ಆ ನೀರನ್ನು ತುಂಬಬಾರದು.

ತಂದ ನೀರನ್ನು ನೇರವಾಗಿ ಸುರಿಯುವಂತೆಯೂ ಇಲ್ಲ. ಬಟ್ಟೆಯಲ್ಲಿ ಸೋಸಿ, ಕತ್ತಲಲ್ಲಿ ಏರ್ ಪಂಪ್ ಹಾಕಿ ಮೂರು ವಾರ ಇಟ್ಟರೆ ಸಸ್ಯಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಗಳು) ಸತ್ತು ಗಸಿ ತಳಕ್ಕಿಳಿಯುತ್ತದೆ, ಮೀನು ಸಿಗದ ಹಲವು ಪರಾವಲಂಬಿಗಳೂ ಅಳಿಯುತ್ತವೆ. ಅಷ್ಟು ದಿನ ಮಂಚದ ಕೆಳಗಿನಿಂದ ಬರುವ ವಾಸನೆಯ ಬಗ್ಗೆ ಮನೆಯವರ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ.

ಉಪ್ಪಿನ ತೊಟ್ಟಿಯ ತೊಂದರೆಗಳೆಲ್ಲ ನನ್ನ ಕೈಯಿಂದಲೇ ಆದವು. ಮೊದಲು ಅಡುಗೆಮನೆಯ ಆರ್‌ಒ ನೀರನ್ನೇ ಬಳಸಿದೆ. ರುಚಿಗಾಗಿ ಖನಿಜ ಬೆರೆಸುವ ಆ ಯಂತ್ರದ ನೀರಿನಲ್ಲಿ ಟಿಡಿಎಸ್ (ಕರಗಿದ ಲವಣ-ಖನಿಜಗಳ ಅಳತೆ) 50 ಇತ್ತು, ಎರಡೇ ವಾರದಲ್ಲಿ ಗಾಜಿಗೆಲ್ಲ ಕಂದು ಪಾಚಿ ಹತ್ತಿತು. ಉಳಿದ ಖನಿಜಗಳನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಜೋಡಿಸಿ ಟಿಡಿಎಸ್ ಸೊನ್ನೆಯಾದ ಮೇಲೆ ಅದು ಕಡಿಮೆಯಾಯಿತು. ಇನ್ನೊಮ್ಮೆ ಅವಸರದಲ್ಲಿ ಬಕೆಟ್ಟಿನಲ್ಲಿದ್ದ ಉಪ್ಪಿನ ಮೇಲೆ ನೀರು ಸುರಿದಾಗ, ಸುಣ್ಣದ ಗೋಡೆ ತೊಳೆದಂತೆ ಬೆಳ್ಳಗಾದ ನೀರು ತಿಳಿಯಾಗಲೇ ಇಲ್ಲ. ಮೊದಲ ಕ್ಷಣದ ಗಾಢ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರ್ಪಟ್ಟು ಕೂರುತ್ತದೆ. ತಿರುಗುತ್ತಿರುವ ನೀರಿಗೆ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಬೇಕೇ ಹೊರತು ಉಪ್ಪಿಗೆ ನೀರನ್ನಲ್ಲ.

ಖರ್ಚಿನಲ್ಲಿ ಕಡಲನೀರು ಪುಕ್ಕಟೆಯೆಂಬುದು ಭ್ರಮೆ. ತಿಂಗಳಿಗೆ ಬೇಕಾದ ಉಪ್ಪು ಒಂದು ಕಿಲೋ ಒಳಗೆ. ಕಡಲನೀರಿಗೆ ಶಿರಾಡಿ ಘಾಟಿಯ ದಾರಿಯಿದೆ. ನೀರು ಆವಿಯಾದರೂ ಉಪ್ಪು ಉಳಿಯುವುದರಿಂದ, ಬೇಸಿಗೆಯಲ್ಲಿ ದಿನಕ್ಕೆ ಮುಕ್ಕಾಲು ಲೀಟರ್ ಆರ್‌ಒ ನೀರನ್ನು ಕಡಲನೀರಿನ ತೊಟ್ಟಿಗೂ ತುಂಬಲೇಬೇಕಾಯಿತು. ಅಂದರೆ ಆ ಯಂತ್ರ ಹೇಗೂ ತಪ್ಪಲಿಲ್ಲ.

ಈಗ ಎರಡು ತೊಟ್ಟಿಗಳಿಗೂ ಚೀಲದ ಉಪ್ಪನ್ನೇ ಬಳಸುತ್ತಿದ್ದೇನೆ. ಯಾವ ತಿಂಗಳಲ್ಲಿ ಕರಗಿಸಿದರೂ ಅದು ಅದೇ ನೀರಾಗುತ್ತದೆ. ಆದರೂ ಬೇಸಿಗೆಯಲ್ಲಿ ಕಾಪುವಿಗೆ ಹೋದಾಗ ಒಂದು ಕ್ಯಾನ್ ತುಂಬುವುದನ್ನು ಬಿಟ್ಟಿಲ್ಲ. ಮೂರು ವಾರದ ಕತ್ತಲನ್ನೂ ದಾಟಿ ಬಂದ ಬಿಳಿ ಸಾಸಿವೆಯ ಚೂರಿನಂಥ ಪುಟ್ಟ ಕಡಲಜೀವಿಗಳಾದ ಕೋಪೆಪಾಡ್‌ಗಳು ರಾತ್ರಿ ಗಾಜಿನ ಮೇಲೆ ಕುಪ್ಪಳಿಸುವುದು ಕಡಲನೀರಿನಿಂದ ಶುರುವಾದ ತೊಟ್ಟಿಯಲ್ಲಿ ಮಾತ್ರ, ಬೆಳಗಾದರೆ ಕ್ಲೌನ್ ಮೀನುಗಳು ಅವನ್ನು ಒಂದೊಂದಾಗಿ ಹೆಕ್ಕುವುದೂ ಅಲ್ಲಿ ಮಾತ್ರ.