ಬೋರ್ ನೀರು ಕುಡಿದು ಬದುಕಿರುವ ಗೀಸರ್: ಆರೇಳು ವರ್ಷ ಬಳಸಿದ ಮೇಲೆ

ಹುಬ್ಬಳ್ಳಿಯ ನವನಗರದ ನಮ್ಮ ಮನೆಯಲ್ಲಿ ಈ 15 ಲೀಟರ್ ಗೀಸರ್ ಬಚ್ಚಲಿನ ಗೋಡೆ ಏರಿ ಆರೇಳು ವರ್ಷಗಳಾದವು. 2000 ವ್ಯಾಟ್, ಒಳಗೆ ಗಾಜಿನ ಲೇಪವಿರುವ ಉಕ್ಕಿನ ಟ್ಯಾಂಕ್, ಮೇಲೆ ಪ್ಲಾಸ್ಟಿಕ್ ಕವಚ. ಕಂಪನಿಯ ಹೆಸರು ಬರೆಯುವುದಿಲ್ಲ. ಅವರ ಸರ್ವೀಸ್‌ನವರ ಬಗ್ಗೆ ಒಂದೆರಡು ಕಹಿ ಮಾತು ಹೇಳುವುದಿದೆ. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳಲ್ಲಿ ಎಲ್ಲ ಗೀಸರ್‌ಗಳಿಗೂ ಐದು ನಕ್ಷತ್ರ. ನೀರು ಬಿಸಿಯಾಯಿತು ಎಂದು ನಕ್ಷತ್ರ ಕೊಡುವುದಾದರೆ ನಮ್ಮ ಹಳೆಯ ತಾಮ್ರದ ಹಂಡೆಗೂ ಕೊಡಬೇಕು. ನಾನು ಅಂಕ ಕೊಡುವುದು ಎರಡು ಸಂಗತಿಗಳಿಗೆ: ಕೆಟ್ಟಾಗ ಅದನ್ನು ಬಿಚ್ಚಲು ಬರುತ್ತದೆಯೇ, ಬಿಚ್ಚಿದ ಮೇಲೆ ಬಿಡಿಭಾಗ ಊರಿನಲ್ಲೇ ಸಿಗುತ್ತದೆಯೇ.

ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರಿನ ಮೇಲೆ ನನ್ನ ದೂರಿಲ್ಲ. ಆದರೆ ನಳ ದಿನವೂ ಬರುವುದಿಲ್ಲ; ನಡುವಿನ ದಿನಗಳಲ್ಲಿ ಮೇಲಿನ ತೊಟ್ಟಿ ತುಂಬುವುದು ಬೋರ್ ನೀರಿನಿಂದ, ಅದು ಸವಳು. ಸವಳು ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಬಿಸಿಗೆ ಬೇರ್ಪಟ್ಟು ನೀರು ಕಾಯಿಸುವ ಸುರುಳಿಗೆ, ಅಂದರೆ ಎಲಿಮೆಂಟಿಗೆ, ಅಂಟಿ ಬಿಳಿ ಕಲ್ಲಾಗುತ್ತದೆ. ಕಲ್ಲು ದಪ್ಪವಾದಂತೆ ಶಾಖ ನೀರಿಗೆ ದಾಟದೆ ಎಲಿಮೆಂಟಿನಲ್ಲೇ ಉಳಿದು ಅದು ಸುಡುತ್ತದೆ. ಗೀಸರ್ ಹಾಕಿದಾಗ ಒಲೆಯ ಮೇಲೆ ಬೇಳೆ ಕುದಿಯುವಂತೆ ಗುಳುಗುಳು ಸದ್ದು ಕೇಳಿದರೆ ಕಲ್ಲು ಕಟ್ಟಿದೆ ಎಂದೇ ಅರ್ಥ.

ಬಿಸಿ ಹೆಚ್ಚಿದಷ್ಟೂ ಕಲ್ಲು ಬೇಗ ಕಟ್ಟುತ್ತದೆ. ಹಾಗಾಗಿ ನಾನು ಮೊದಲು ಕೈ ಹಾಕಿದ್ದು ನೀರು ಎಷ್ಟು ಕಾಯಬೇಕೆಂದು ನಿಗದಿ ಮಾಡುವ ಥರ್ಮೋಸ್ಟಾಟಿಗೆ. ಈ ಮಾಡೆಲ್‌ನಲ್ಲಿ ಅದರ ತಿರುಪು ಕೆಳಗಿನ ಮುಚ್ಚಳದ ಒಳಗಿದೆ, ಹೊರಗೆ ಗುಂಡಿಯಿಲ್ಲ. ಇದು ದೊಡ್ಡ ಕೊರತೆ. ಗರಿಷ್ಠದಲ್ಲಿದ್ದುದನ್ನು 60 ಡಿಗ್ರಿಯ ಗುರುತಿಗೆ ಇಳಿಸಿದೆ. ಅದಕ್ಕಿಂತ ತೀರಾ ಕೆಳಗೆ ಇಳಿಸುವುದೂ ಸರಿಯಲ್ಲ; ಉಗುರುಬೆಚ್ಚಗೆ ನಿಂತ ನೀರಿನಲ್ಲಿ ರೋಗಾಣುಗಳು ಬೆಳೆಯುತ್ತವೆ. 60 ಡಿಗ್ರಿಯ ನೀರು ನೇರವಾಗಿ ಮೈಗೆ ಬಿದ್ದರೆ ಕೆಲವೇ ಕ್ಷಣಗಳಲ್ಲಿ ಚರ್ಮ ಸುಡುತ್ತದೆ. ಮಕ್ಕಳಿರುವ ಮನೆಯಲ್ಲಿ ಬಕೆಟ್ಟಿಗೆ ತಣ್ಣೀರು ಮೊದಲು ಬೀಳಬೇಕು. "ಇಷ್ಟು ಕಡಿಮೆ ಇಟ್ಟರೆ ಚಳಿಗಾಲಕ್ಕೆ ಸಾಕಾಗುತ್ತದೆಯೇ?" ಎಂದು ಪಕ್ಕದ ಮನೆಯ ಕಾಕಾ ಕೇಳಿದ್ದರು. ಧಾರಾಳವಾಗಿ ಸಾಕು. 25 ಡಿಗ್ರಿಯ 15 ಲೀಟರ್ ನೀರನ್ನು 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ವಿದ್ಯುತ್, ಹದಿನೆಂಟು ಇಪ್ಪತ್ತು ನಿಮಿಷ ಬೇಕು. ಹೆಸ್ಕಾಂ ಬಿಲ್ ಹಿಡಿದು ನೀವೇ ಲೆಕ್ಕ ಹಾಕಿಕೊಳ್ಳಿ.

ಅಂಗಡಿಯವರು ಬಾಯಿ ಬಿಡದ ಒಂದು ಭಾಗವಿದೆ: ಟ್ಯಾಂಕಿನೊಳಗಿನ ಮೆಗ್ನೀಸಿಯಂ ಸರಳು. ಉಕ್ಕಿಗಿಂತ ಮೊದಲು ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಉಳಿಸುವುದೇ ಅದರ ಕೆಲಸ. ಅದು ಪೂರ್ತಿ ಕರಗಿದ ಮೇಲೆ ಗಾಜಿನ ಲೇಪದ ಸಣ್ಣ ಬಿರುಕುಗಳಲ್ಲಿ ತುಕ್ಕು ಶುರು. ನಮ್ಮ ಬೋರ್ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ನಮ್ಮದರಲ್ಲಿ ಮೊದಲ ಬಾರಿ ನೋಡಿದಾಗ ಸಣಕಲು ತಂತಿಯಷ್ಟೇ ಉಳಿದಿತ್ತು.

ಈಗ ಆ ಕಹಿ ಮಾತು. ಕೆಳಗಿನಿಂದ ನೀರು ತೊಟ್ಟಿಕ್ಕತೊಡಗಿದಾಗ ಸರ್ವೀಸ್‌ನಿಂದ ಬಂದ ಹುಡುಗ ಮುಚ್ಚಳವನ್ನೂ ತೆಗೆಯದೆ, "ಟ್ಯಾಂಕ್ ಹೋಗಿದೆ, ಹೊಸದು ತೆಗೆದುಕೊಳ್ಳಿ" ಎಂದು ರಸೀದಿ ಹರಿದು ಕೊಟ್ಟ. ನಮ್ಮ ಓಣಿಯ ಮಿಸ್ತ್ರಿ ಬಂದು ಟಾರ್ಚ್ ಹಿಡಿದು ನೋಡಿ, "ಸರ್, ಇದು ಎಲಿಮೆಂಟಿನ ಬುಡದ ಗ್ಯಾಸ್ಕೆಟ್ ನೋಡಿರಿ. ಟ್ಯಾಂಕ್ ಗಟ್ಟಿಯಾಗಿದೆ" ಎಂದರು. ಒಂದು ರಬ್ಬರ್ ಉಂಗುರಕ್ಕಾಗಿ ಗೀಸರನ್ನೇ ಗುಜರಿಗೆ ಹಾಕಬೇಕಿತ್ತು! ಇನ್ನೊಂದು ಮಾತು: ನೀರು ಕಾಯುವಾಗ ಮಾತ್ರ ಒತ್ತಡ ಇಳಿಸುವ ಸುರಕ್ಷತಾ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಅದು ಸೋರಿಕೆಯಲ್ಲ. ಕಾದ ನೀರು ಹಿಗ್ಗುತ್ತದೆ, ಹಿಗ್ಗಿದ್ದು ಅಲ್ಲಿಂದ ಹೊರಬರುತ್ತದೆ. ಆ ಹನಿ ನಿಲ್ಲಿಸಲೆಂದು ವಾಲ್ವಿನ ಬಾಯಿ ಮುಚ್ಚುವುದು ಗೋಡೆಗೆ ಬಾಂಬ್ ನೇತುಹಾಕಿದಂತೆ.

ಮಿಸ್ತ್ರಿ ಬಿಚ್ಚುವ ಕ್ರಮ ನೋಡಿದ ಮೇಲೆ ಮುಂದಿನ ಬಾರಿಯಿಂದ ಆ ಕೆಲಸ ನಾನೇ ಮಾಡುತ್ತಿದ್ದೇನೆ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಬೋರ್ಡಿನಲ್ಲಿ ಆ ಲೈನಿನ ಬ್ರೇಕರ್ (ಎಂಸಿಬಿ) ಇಳಿಸಿ, ಪ್ಲಗ್ ಕಿತ್ತು, ಎಲಿಮೆಂಟಿನ ತುದಿಗಳಲ್ಲಿ ಕರೆಂಟ್ ಇಲ್ಲವೆಂದು ಮಲ್ಟಿಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಬೇಕು. ಟೆಸ್ಟರ್ ಸ್ಕ್ರೂಡ್ರೈವರಿನ ದೀಪವನ್ನು ನಂಬಬೇಡಿ. ನೀರು ಪೂರ್ತಿ ತಣ್ಣಗಾಗಲಿ. ಒಳಬರುವ ನೀರನ್ನು ನಿಲ್ಲಿಸಿ ಬಿಸಿನೀರಿನ ನಳ ತಿರುಗಿಸಿದ ಮಾತ್ರಕ್ಕೆ ಟ್ಯಾಂಕ್ ಖಾಲಿಯಾಗುವುದಿಲ್ಲ, ಏಕೆಂದರೆ ಬಿಸಿನೀರಿನ ಕೊಳವೆ ಒಳಗೆ ಮೇಲ್ತುದಿಯವರೆಗೆ ಹೋಗಿರುತ್ತದೆ. ಆ ನಳ ಗಾಳಿಗಾಗಿ ತೆರೆದಿರಲಿ, ನೀರನ್ನು ತಣ್ಣೀರಿನ ಕಡೆಯ ವಾಲ್ವ್ ಬಿಚ್ಚಿ ಇಳಿಸಿ. ಎಲಿಮೆಂಟಿನ ಎರಡು ತುದಿಗಳ ನಡುವೆ ಸುಮಾರು 26 ಓಮ್ ತೋರಿಸಿದರೆ ಅದು ಜೀವಂತವಾಗಿದೆ. ತುದಿಗೂ ಲೋಹದ ಹೊರಕವಚಕ್ಕೂ ನಡುವೆ ಮೀಟರ್ ಏನಾದರೂ ತೋರಿಸಿದರೆ ಆ ಎಲಿಮೆಂಟ್ ಕಸಕ್ಕೆ. ಕಲ್ಲು ಕಟ್ಟಿದ್ದನ್ನು ಉಳಿಯಿಂದ ಹೊಡೆಯದೆ, ತಂತಿ ಜೋಡಿಸುವ ತುದಿಗಳು ಮುಳುಗದಂತೆ ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ತಾನೇ ಕಳಚುತ್ತದೆ. ಮತ್ತೆ ಜೋಡಿಸಿದ ಮೇಲೆ ಬಿಸಿನೀರಿನ ನಳದಿಂದ ಗಾಳಿಯಿಲ್ಲದೆ ನೀರು ಸುರಿಯುವವರೆಗೆ ಸ್ವಿಚ್ ಮುಟ್ಟಬಾರದು. ಬರಿ ಟ್ಯಾಂಕಿನಲ್ಲಿ ಎಲಿಮೆಂಟ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ನಾನು ಮುಟ್ಟದ ಕೆಲಸಗಳೂ ಇವೆ. ಬಿಸಿ ಮಿತಿ ಮೀರಿದಾಗ ಕರೆಂಟ್ ಕಡಿಯುವ ಕಟ್‌ಔಟಿನ ಗುಂಡಿಯನ್ನು ಒಮ್ಮೆ ಒತ್ತಿದ ಮೇಲೂ ಮತ್ತೆ ಜಿಗಿದರೆ ಅದನ್ನು ತಪ್ಪಿಸಿ ನೇರ ತಂತಿ ಕೊಡುವ 'ಜಾಣ'ರನ್ನು ಬಾಗಿಲಿನಿಂದಲೇ ಕಳಿಸುತ್ತೇನೆ. ಅರ್ಥಿಂಗ್ ಇಲ್ಲದ ಹಳೆಯ ಮನೆಗಳಲ್ಲಿ ನ್ಯೂಟ್ರಲನ್ನೇ ಅರ್ಥಿಂಗ್ ಪಿನ್ನಿಗೆ ಸೇರಿಸಿಬಿಡುವ ರೂಢಿಯೊಂದಿದೆ, ಅದು ಕೊಲೆಗೆ ಸಮ. ಈ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 16 ಆಂಪಿಯರ್ ಪಾಯಿಂಟ್, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಈ ಮೂರರಲ್ಲಿ ಒಂದಿಲ್ಲದಿದ್ದರೂ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಗೀಸರ್ ಆಮೇಲೆ.

ಡಬ್ಬಿಯ ಮೇಲಿನ ಸ್ಟಾರ್ ಬಗ್ಗೆಯೂ ಒಂದು ಮಾತು. ಕಾಯಿಸಿಟ್ಟ ನೀರು ಎಷ್ಟು ನಿಧಾನವಾಗಿ ಆರುತ್ತದೆ ಎಂಬುದರ ಅಳತೆ ಅದು. ಸ್ನಾನಕ್ಕೆ ಮುನ್ನ ಹಾಕಿ ಆಮೇಲೆ ಆರಿಸುವ ನಮ್ಮಂಥ ಮನೆಗೆ ಅದಕ್ಕಾಗಿ ಬಹಳ ಹೆಚ್ಚು ಹಣ ಸುರಿಯಬೇಕಿಲ್ಲ. ಪ್ರೆಷರ್ ಪಂಪ್ ಇಲ್ಲದ ಎರಡಂತಸ್ತಿನ ಮನೆಗೆ 8 ಬಾರ್ ಒತ್ತಡ ತಾಳುವ ಟ್ಯಾಂಕೂ ಬೇಕಾಗಿಲ್ಲ. ತೊಟ್ಟಿ ಹತ್ತು ಮೀಟರ್ ಎತ್ತರದಲ್ಲಿದ್ದರೂ ಒತ್ತಡ 1 ಬಾರ್ ಅಷ್ಟೇ.

ನನ್ನ ಅಂಕ ಐದಕ್ಕೆ ಮೂರೂವರೆ: ಮುಚ್ಚಳದೊಳಗೆ ಅಡಗಿಸಿದ ಥರ್ಮೋಸ್ಟಾಟಿಗೆ ಒಂದು, ಸರ್ವೀಸ್‌ನವರಿಗೆ ಅರ್ಧ ಕಡಿತ. ಎಲಿಮೆಂಟ್, ಗ್ಯಾಸ್ಕೆಟ್, ಸರಳು ಮೂರೂ ಕೊಪ್ಪೀಕರ ರಸ್ತೆಯ ಕಡೆಯ ಅಂಗಡಿಗಳಲ್ಲಿ ಸಿಕ್ಕವು. ಹೋಗುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಬೋಲ್ಟುಗಳ ನಡುವಿನ ಅಂತರ ಒಂದು ಕೂದಲಷ್ಟು ಬೇರೆಯಾದರೂ ಗ್ಯಾಸ್ಕೆಟ್ ಕೂರುವುದಿಲ್ಲ.